ಪೈಸೆಯ ಕೆಳಗಿನ ಲೆಕ್ಕ

ಹಾನಗಲ್ಲ ತಾಲೂಕಿನ ಒಂದು ಹಳ್ಳಿಯಲ್ಲಿ ನಸುಕಿಗೆ ಹಾಲಿನ ಸಂಘದ ಬಾಗಿಲು ತೆರೆದಿದೆ ಎಂದುಕೊಳ್ಳೋಣ. ಒಬ್ಬ ಹೆಣ್ಣುಮಗಳು ಕ್ಯಾನು ತಂದಿಡುತ್ತಾಳೆ. ಅಳತೆ 4.7 ಲೀಟರು ಬರುತ್ತದೆ. ಕೊಬ್ಬಿನಂಶ ನೋಡಿದ ಗಣಕಯಂತ್ರ ಅಂದಿನ ದರ ಲೀಟರಿಗೆ 34 ರೂಪಾಯಿ 65 ಪೈಸೆ ಎನ್ನುತ್ತದೆ. ಎರಡನ್ನೂ ಗುಣಿಸಿದರೆ 162 ರೂಪಾಯಿ 85 ಪೈಸೆ, ಮೇಲೆ ಅರ್ಧ ಪೈಸೆ. ಅರ್ಧ ಪೈಸೆಯ ನಾಣ್ಯ ಈ ದೇಶದಲ್ಲಿ ಇಲ್ಲ. ಹಾಗಾದರೆ ಚೀಟಿಯಲ್ಲಿ 85 ಪೈಸೆ ಅಚ್ಚಾಗಬೇಕೋ, 86 ಪೈಸೆಯೋ? ಅಥವಾ ಪೈಸೆಯ ಗೊಡವೆಯೇ ಬೇಡವೆಂದು 162 ರೂಪಾಯಿಗೆ ನಿಲ್ಲಬೇಕೋ?

ಆ ಹೆಣ್ಣುಮಗಳು ಇದನ್ನು ಕೇಳುವುದಿಲ್ಲ. ಸಂಘದ ಕಾರ್ಯದರ್ಶಿಯೂ ಕೇಳಿರಲಿಕ್ಕಿಲ್ಲ. ಉತ್ತರವನ್ನು ಎಲ್ಲೋ ದೂರದ ಊರಿನಲ್ಲಿ ಕುಳಿತು ತಂತ್ರಾಂಶ ಬರೆದವರು ಎಂದೋ ಕೊಟ್ಟುಬಿಟ್ಟಿರುತ್ತಾರೆ. ಬಿಂದುವಿನ ಆಚೆ ಎಷ್ಟು ಸ್ಥಾನ ಇರಬೇಕು, ಅದರಾಚೆಯದನ್ನು ಏನು ಮಾಡಬೇಕು ಎಂದು ಕೇಳುವ ಒಂದು ಸಣ್ಣ ಚೌಕದಲ್ಲಿ ಅವರು ತುಂಬಿದ ಒಂದು ಅಂಕಿಯೇ ಆ ಉತ್ತರ. ಹಾಲು ಹಾಕುವವರಿಗೂ ಕೊಳ್ಳುವವರಿಗೂ ನಡುವೆ ಇರುವ ಕರಾರಿನಲ್ಲಿ ಅದೂ ಒಂದು ಕಲಮು. ಆದರೆ ಆ ಕಲಮಿಗೆ ಯಾರೂ ಸಹಿ ಹಾಕಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಒಂದು ಉಪನ್ಯಾಸವೇ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಎರಡು ಹೊತ್ತಿನಂತೆ ವರ್ಷಕ್ಕೆ 730 ಸಲ ಹಾಲು ಹಾಕಬೇಕಾಗುತ್ತದೆ. ಪ್ರತಿ ಸಲ ಅರ್ಧ ಪೈಸೆ ಬಿಟ್ಟರೆ ವರ್ಷಕ್ಕೆ ಹೋಗುವುದು 3 ರೂಪಾಯಿ 65 ಪೈಸೆ. ಒಂದು ಚಹಾದ ಬೆಲೆಯೂ ಅಲ್ಲ. ಆದರೆ ಅದೇ ಯಂತ್ರಕ್ಕೆ ಬಿಂದುವಿನ ಆಚೆ ಸೊನ್ನೆ ಸ್ಥಾನ ಎಂದು ಹೇಳಿ, ಪೈಸೆಯನ್ನೆಲ್ಲ ಕತ್ತರಿಸಲು ಬಿಟ್ಟರೆ, ಪ್ರತಿ ಸಲ ಸರಾಸರಿ 50 ಪೈಸೆ ಹೋಗುತ್ತದೆ. ವರ್ಷಕ್ಕೆ 365 ರೂಪಾಯಿ. ಸಂಘದಲ್ಲಿ 300 ಸದಸ್ಯರಿದ್ದರೆ 1,09,500 ರೂಪಾಯಿ. ಕತ್ತರಿಸದೆ, ವಾರದ ಹಾಲಿನ ಲೆಕ್ಕವನ್ನು ಪೂರ್ತಿ ಇಟ್ಟುಕೊಂಡು ಕೊನೆಯಲ್ಲಿ ಒಮ್ಮೆ ಮಾತ್ರ ರೂಪಾಯಿಗೆ ಸರಿಹೊಂದಿಸಿದರೆ ಈ ನಷ್ಟ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ದರವೂ ಅದೇ, ಹಾಲೂ ಅದೇ. ಬದಲಾದದ್ದು ಕತ್ತರಿಸುವ ಜಾಗ ಮಾತ್ರ. ಹನಿಗೂಡಿದರೆ ಹಳ್ಳ ಎಂದು ಹಿರಿಯರು ಹೇಳಿದ್ದುಂಟು. ಹಳ್ಳ ಯಾರ ಹೊಲಕ್ಕೆ ಹರಿಯುತ್ತದೆ ಎಂಬುದು ಇಲ್ಲಿನ ಪ್ರಶ್ನೆ.

ಈ ಪ್ರಶ್ನೆ ಗಣಕಯಂತ್ರದೊಂದಿಗೆ ಹುಟ್ಟಿದ್ದಲ್ಲ. ಹಾನಗಲ್ಲಿಗೆ ಶಾಸನಗಳಲ್ಲಿ ಪಾನುಂಗಲ್ ಎಂಬ ಹೆಸರಿದೆ. ಪಾನುಂಗಲ್ ಐನೂರು ಎಂಬ ನಾಡನ್ನು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅವರ ಮಾಂಡಲಿಕರಾದ ಕದಂಬರು ಆಳಿದರು. ಹಾನಗಲ್ಲಿನ ತಾರಕೇಶ್ವರ, ಹಿರೇಕೆರೂರು ತಾಲೂಕಿನ ಅಬಲೂರು, ಶಿಗ್ಗಾವಿ ತಾಲೂಕಿನ ಬಂಕಾಪುರ, ಹೀಗೆ ಈ ಸೀಮೆಯಲ್ಲಿ ಶಾಸನಕ್ಕೆ ಬರವಿಲ್ಲ. ಕಲ್ಲಿನ ಮೇಲೆ ಬರೆದ ದಾನಪತ್ರವೂ ಒಂದು ಕರಾರೇ. ಕೊಡುವವರು, ಪಡೆಯುವವರು, ಕೊಡುವ ಮೊತ್ತ, ಸಾಕ್ಷಿ, ತಪ್ಪಿದರೆ ತಗಲುವ ಪಾಪ, ಎಲ್ಲವೂ ಅದರಲ್ಲಿರುತ್ತದೆ. ಅವಧಿ ಮಾತ್ರ ಚಂದ್ರಸೂರ್ಯರು ಇರುವ ತನಕ. ಅಷ್ಟು ದೀರ್ಘಕಾಲದ ಕರಾರಿನಲ್ಲಿ ಸಣ್ಣ ಮೊತ್ತವನ್ನು ಅಸ್ಪಷ್ಟವಾಗಿ ಬಿಡುವಂತಿಲ್ಲ.

ಆ ಕಾಲದ ಹಣದ ಹೆಸರುಗಳನ್ನು ನೋಡಿದರೆ ಜನ ಎಷ್ಟು ಸೂಕ್ಷ್ಮಕ್ಕೆ ಇಳಿದಿದ್ದರು ಎಂಬುದು ಗೊತ್ತಾಗುತ್ತದೆ. ದೊಡ್ಡ ನಾಣ್ಯ ಗದ್ಯಾಣ. ಅದರ ಕೆಳಗೆ ಪಣ. ಸಾಮಾನ್ಯವಾಗಿ ಹತ್ತು ಪಣಕ್ಕೆ ಒಂದು ಗದ್ಯಾಣ. ಪಣದ ಅರ್ಧ ಅಡ್ಡ, ಕಾಲು ಭಾಗ ಹಾಗ, ಎಂಟನೆಯ ಒಂದು ಭಾಗ ಬೇಳೆ, ಹದಿನಾರನೆಯ ಒಂದು ಭಾಗ ವೀಸ. ಇನ್ನೂ ಕೆಳಗೆ ಅರುವತ್ತನಾಲ್ಕನೆಯ ಒಂದು ಭಾಗಕ್ಕೆ ಕಾಣಿ. ನಾಡಿನಿಂದ ನಾಡಿಗೆ, ಕಾಲದಿಂದ ಕಾಲಕ್ಕೆ ಈ ಪ್ರಮಾಣ ಒಂದಿಷ್ಟು ಬೇರೆಯಾಗುತ್ತಿತ್ತು. ಆದರೆ ಅರ್ಧ, ಅರ್ಧದ ಅರ್ಧ, ಅದರ ಅರ್ಧ ಎಂದು ಸೀಳುತ್ತ ಹೋಗುವ ಕ್ರಮ ಎಲ್ಲ ಕಡೆ ಒಂದೇ. ಒಂದು ವೀಸದ ತೂಕದ ಚಿನ್ನ ಬೆರಳ ತುದಿಗೆ ಸಿಕ್ಕುವುದೂ ಕಷ್ಟ. ಅದು ಕೈಯಿಂದ ಕೈಗೆ ಹೋಗುವ ನಾಣ್ಯಕ್ಕಿಂತ ಹೆಚ್ಚಾಗಿ ಲೆಕ್ಕದ ಪುಸ್ತಕದ ಹಣ. ಇಂದಿನ ಗಣಕ ಭಾಷೆಯಲ್ಲಿ ಹೇಳುವುದಾದರೆ, ಕೊಡುವಾಗ ಬೇಕಾದ ಸೂಕ್ಷ್ಮತೆ ಒಂದು, ಲೆಕ್ಕ ಇಡುವಾಗ ಬೇಕಾದ ಸೂಕ್ಷ್ಮತೆ ಇನ್ನೊಂದು. ಈ ಎರಡು ಬೇರೆ ಎಂಬ ತಿಳಿವಳಿಕೆ ಆ ಕಾಲದ ಸೇನಬೋವರಿಗೆ ಇತ್ತು.

ಇನ್ನೂ ಒಂದು ಜಾಣತನ ಅವರಲ್ಲಿತ್ತು. ಹಣ ತೀರ ಸಣ್ಣದಾಗುವ ಕಡೆ ಅವರು ಹಣವನ್ನೇ ಬಿಟ್ಟುಬಿಡುತ್ತಿದ್ದರು. ದೇವರ ನಂದಾದೀಪಕ್ಕೆ ಒಂದು ಗಾಣದಿಂದ ಇಷ್ಟು ಸೊಲ್ಲಗೆ ಎಣ್ಣೆ, ಎಲೆಯ ಹೇರಿಗೆ ಇಷ್ಟು ಎಲೆ, ಧಾನ್ಯದ ಹೇರಿಗೆ ಇಷ್ಟು ಧಾನ್ಯ ಎಂಬ ಬಗೆಯ ದತ್ತಿಗಳು ಕನ್ನಡ ಶಾಸನಗಳಲ್ಲಿ ಹೇರಳವಾಗಿವೆ. ಇದನ್ನು ಹಣದ ಅಭಾವ ಎಂದಷ್ಟೇ ಓದಿದರೆ ಅರ್ಧ ಸತ್ಯ. ಎಲೆಯನ್ನು ಎಣಿಸಿ ಕೊಟ್ಟರೆ ಶೇಷ ಉಳಿಯುವುದಿಲ್ಲ; ಉಳಿದ ಚೂರು ಯಾರದು ಎಂಬ ಜಗಳವೂ ಇರುವುದಿಲ್ಲ. ಸವಣೂರಿನ ಸೀಮೆ ಇಂದಿಗೂ ವೀಳ್ಯದೆಲೆಗೆ ಹೆಸರಾದದ್ದು. ಎಲೆಯ ವ್ಯಾಪಾರ ಇಂದಿಗೂ ಎಣಿಕೆಯ ವ್ಯಾಪಾರ.

ಭಿನ್ನರಾಶಿಯ ಶಾಸ್ತ್ರವೂ ಈ ಸೀಮೆಗೆ ದೂರದ್ದಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ (814-878) ಕಾಲದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಕಲಾಸವರ್ಣ ಎಂಬ ಒಂದು ಅಧ್ಯಾಯವೇ ಭಿನ್ನರಾಶಿಗೆ ಮೀಸಲು. ಬಡ್ಡಿಯ ಲೆಕ್ಕ, ಬೇರೆ ಬೇರೆ ಬಣ್ಣದ ಚಿನ್ನ ಕೂಡಿಸಿದರೆ ಬರುವ ಬಣ್ಣದ ಲೆಕ್ಕ, ಎಲ್ಲವೂ ಆ ಗ್ರಂಥದಲ್ಲಿದೆ. ಆ ಅಮೋಘವರ್ಷನ ಸೇನಾಪತಿ ಬಂಕೇಯ. ಶಿಗ್ಗಾವಿ ತಾಲೂಕಿನ ಬಂಕಾಪುರಕ್ಕೆ ಹೆಸರು ಬಂದದ್ದು ಅವನಿಂದ. ಮುಂದೆ 12ನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ಆ ಹೆಸರನ್ನು ಗಮನಿಸಬೇಕು. ಅಂಗಡಿ, ಹೊಲ, ಬಡ್ಡಿ, ಪಾಲು ಇವುಗಳ ಗಣಿತ ಅದು.

ಆ ಸಂಪ್ರದಾಯದ ಬಾಲ ನಮ್ಮ ಅಜ್ಜಂದಿರ ಸಾಲೆಯ ತನಕ ಉಳಿದಿತ್ತು. ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆ ಮಗ್ಗಿಗಳನ್ನು ಸಂಜೆ ಹೊತ್ತು ಹುಡುಗರು ಒದರುತ್ತಿದ್ದರು. ಇಲ್ಲಿ ಕುಳಿತ ಹಿರಿಯರಲ್ಲಿ ಕೆಲವರಿಗೆ ಅದರ ರಾಗವೂ ನೆನಪಿರಬಹುದು. ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ ಅಥವಾ 12 ಪೈ. ಅಂದರೆ ರೂಪಾಯಿಗೆ 64 ಪೈಸೆ, 192 ಪೈ. ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದ ಹಾನಗಲ್ಲಿಗೂ, ನಡುವೆ ನವಾಬರ ಆಳ್ವಿಕೆಯಲ್ಲಿದ್ದ ಸಣ್ಣ ಸಂಸ್ಥಾನ ಸವಣೂರಿಗೂ ಈ ಲೆಕ್ಕ ಒಂದೇ ಆಗಿತ್ತು. 1948ರಲ್ಲಿ ಸವಣೂರು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಇಡೀ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಐದು ತಿಂಗಳು ಕಳೆಯುವುದರಲ್ಲಿ, 1957ರ ಏಪ್ರಿಲ್ 1ರಂದು, ರೂಪಾಯಿಯೇ ಒಳಗಿನಿಂದ ಬದಲಾಯಿತು.

1955ರ ತಿದ್ದುಪಡಿ ಕಾಯ್ದೆಯ ಪ್ರಕಾರ ರೂಪಾಯಿಗೆ 100 ನಯಾ ಪೈಸೆ ಆಯಿತು. ರೂಪಾಯಿಯ ಬೆಲೆ ಬದಲಾಗಲಿಲ್ಲ. ಬದಲಾದದ್ದು ಅದನ್ನು ಎಷ್ಟು ತುಂಡು ಮಾಡಬಹುದು ಎಂಬುದು. ತಂತ್ರಾಂಶದವರು ಇಂದು ಸೂಕ್ಷ್ಮತೆಯ ಅಳವಡಿಕೆಯನ್ನು ಬದಲಿಸುವುದು ಎನ್ನುತ್ತಾರಲ್ಲ, ಅದನ್ನು ಒಂದು ಇಡೀ ದೇಶ ಒಂದೇ ದಿನ ಮಾಡಿದ ಹಾಗೆ. ಬಾಡಿಗೆ, ಗೇಣಿ, ಬಡ್ಡಿ, ಕೂಲಿ, ವರ್ತನೆ, ಹೀಗೆ ಆಣೆಯಲ್ಲಿ ಆಗಿದ್ದ ಲಕ್ಷಾಂತರ ಕರಾರುಗಳು ನಡುದಾರಿಯಲ್ಲಿದ್ದವು. ಒಂದು ಆಣೆ ಎಂದರೆ ಸರಿಯಾಗಿ ಆರೂಕಾಲು ನಯಾ ಪೈಸೆ. ಕಾಲು ನಯಾ ಪೈಸೆ ಎಲ್ಲಿಂದ ತರುವುದು?

ಕಾನೂನು ಒಂದು ಸೂತ್ರ ಕೊಟ್ಟಿತು. ಅರ್ಧ ಅಥವಾ ಅದಕ್ಕಿಂತ ಕಡಿಮೆಯಾದ ಚೂರನ್ನು ಬಿಡಬೇಕು, ಅರ್ಧಕ್ಕಿಂತ ಹೆಚ್ಚಾದರೆ ಒಂದೆಂದು ಹಿಡಿಯಬೇಕು. ಅದರಂತೆ ಒಂದು ಆಣೆಗೆ 6, ಎರಡು ಆಣೆಗೆ 12, ಮೂರು ಆಣೆಗೆ 19, ನಾಲ್ಕಾಣೆಗೆ 25, ಆರು ಆಣೆಗೆ 37, ಎಂಟಾಣೆಗೆ 50. ಅಂಗಡಿಗಳಲ್ಲಿ ಕೋಷ್ಟಕಗಳು ನೇತುಬಿದ್ದವು. ಸೂತ್ರ ನ್ಯಾಯವಾದದ್ದೇ. ಆದರೆ ಅದನ್ನು ಎಲ್ಲಿ ಬಳಸಬೇಕು ಎಂಬುದರಲ್ಲಿ ಎಲ್ಲ ಇತ್ತು. ಒಂದೊಂದು ಆಣೆಯ ಹದಿನಾರು ಸಾಮಾನನ್ನು ಒಂದೇ ಬಿಲ್ಲಿನಲ್ಲಿ ಕೂಡಿಸಿ ಪರಿವರ್ತಿಸಿದರೆ ಪೂರ್ತಿ ಒಂದು ರೂಪಾಯಿ. ಒಂದೊಂದಾಗಿ ಪರಿವರ್ತಿಸಿದರೆ ಆರರಂತೆ 96 ನಯಾ ಪೈಸೆ. ಮಾರುವವನಿಗೆ ನಾಲ್ಕು ಪೈಸೆ ಹೋಯಿತು. ಮೂರಾಣೆಯ ಹದಿನಾರು ಸಾಮಾನಾದರೆ ಮೂರು ರೂಪಾಯಿಯ ಬದಲು ಮೂರು ರೂಪಾಯಿ ನಾಲ್ಕು ಪೈಸೆ, ಕೊಳ್ಳುವವನಿಗೆ ಹೋಯಿತು.

ನಿಜವಾದ ಪೆಟ್ಟು ಇನ್ನೂ ಕೆಳಗಿನ ಮೆಟ್ಟಿಲಲ್ಲಿತ್ತು. ಹಳೆಯ ಒಂದು ಪೈಸೆ ಎಂದರೆ ಒಂದೂವರೆ ನಯಾ ಪೈಸೆಗಿಂತ ಸ್ವಲ್ಪ ಹೆಚ್ಚು. ಸೂತ್ರದ ಪ್ರಕಾರ ಅದು 2 ಆಯಿತು. ಅಂದರೆ ಹಳೆಯ ಒಂದು ಪೈಸೆಗೆ ಒಂದರಂತೆ ರೂಪಾಯಿಗೆ 64 ಬರುತ್ತಿದ್ದ ವಸ್ತುವನ್ನು ಬಿಡಿಬಿಡಿಯಾಗಿ ಕೊಂಡವನು 128 ನಯಾ ಪೈಸೆ ತೆರಬೇಕಾಯಿತು. ಹೆಚ್ಚು ಕೊಳ್ಳುವವನಿಗೆ ಸೂತ್ರ ಮುಟ್ಟಲಿಲ್ಲ. ದಿನದ ಕೂಲಿ ತಂದು ಬಿಡಿಯಾಗಿ ಕೊಳ್ಳುವವನಿಗೆ ಮುಟ್ಟಿತು. ಇದರಲ್ಲಿ ಯಾರ ಮೋಸವೂ ಇಲ್ಲ ಎಂಬುದೇ ಇದರ ವಿಶೇಷ. ಸೂತ್ರವನ್ನು ಸಣ್ಣ ಮೊತ್ತಕ್ಕೆ ಅನ್ವಯಿಸಿದಷ್ಟೂ ತಪ್ಪು ದೊಡ್ಡದಾಗುತ್ತದೆ. ಅಂಚೆ ಇಲಾಖೆ ಅದೇ 1957ರಲ್ಲಿ ಹೊರಡಿಸಿದ ಭಾರತದ ನಕ್ಷೆಯ ಚಿತ್ರವಿರುವ ಅಂಚೆಚೀಟಿಗಳಲ್ಲಿ 13 ನಯಾ ಪೈಸೆಯ ವಿಚಿತ್ರ ಬೆಲೆಯೂ ಒಂದಿತ್ತು. ಎರಡಾಣೆ ಎಂದರೆ ಹನ್ನೆರಡೂವರೆ ನಯಾ ಪೈಸೆ ಎಂಬುದನ್ನು ನೆನೆದರೆ ಆ ಹದಿಮೂರನ್ನು ನೋಡಿ ನಗು ಬರುತ್ತದೆ. 1958ರಿಂದ 1962ರವರೆಗೆ ಹಂತ ಹಂತವಾಗಿ ಸೇರು, ಮಣ ಹೋಗಿ ಕಿಲೋಗ್ರಾಂ ಬಂತು. 1964ರ ಜೂನ್‌ನಲ್ಲಿ 'ನಯಾ' ಎಂಬ ವಿಶೇಷಣ ಬಿದ್ದುಹೋಗಿ ಬರೀ ಪೈಸೆ ಉಳಿಯಿತು.

ಆಮೇಲೆ ಪೈಸೆಯೂ ಸವೆಯಿತು. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ ನಿಂತಿತು. ಕಾನೂನಿನಲ್ಲಿ ಉಳಿದ ಸಣ್ಣ ನಾಣ್ಯ 50 ಪೈಸೆಯದು. ಸಂತೆಯಲ್ಲಿ ಅದನ್ನೂ ಯಾರೂ ತೆಗೆದುಕೊಳ್ಳುವುದಿಲ್ಲ. ಆದರೆ ಕೈಯಿಂದ ಮಾಯವಾದ ಪೈಸೆ ಲೆಕ್ಕದಿಂದ ಮಾಯವಾಗಲಿಲ್ಲ. ಬ್ಯಾಂಕಿನ ಖಾತೆ, ಫೋನಿನಲ್ಲಿ ಕಳಿಸುವ ಹಣ, ಕರೆಂಟಿನ ಬಿಲ್ಲು, ಎಲ್ಲವೂ ಪೈಸೆಯಲ್ಲೇ ಓಡುತ್ತಿವೆ. ವೀಸದ ಕಥೆಯೇ ಮತ್ತೆ ಬಂದಿದೆ: ಕೈಗೆ ಸಿಗದ, ಪುಸ್ತಕದಲ್ಲಿ ಮಾತ್ರ ಬದುಕುವ ಹಣ.

ಇಲ್ಲಿ ಒಂದು ತಮಾಷೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಗಣಕಯಂತ್ರಕ್ಕೆ ಹತ್ತರ ಲೆಕ್ಕ ಬರುವುದಿಲ್ಲ; ಅದಕ್ಕೆ ಗೊತ್ತಿರುವುದು ಎರಡರ ಲೆಕ್ಕ. ಒಂದನ್ನು ಮೂರರಿಂದ ಭಾಗಿಸಿದರೆ ನಮಗೆ 0.333 ಎಂದು ಮುಗಿಯದ ಸಾಲು ಬರುವ ಹಾಗೆ, ಹತ್ತು ಪೈಸೆಯನ್ನು, ಎಂದರೆ ರೂಪಾಯಿಯ ಹತ್ತನೆಯ ಒಂದು ಭಾಗವನ್ನು, ಎರಡರ ಲೆಕ್ಕದಲ್ಲಿ ಬರೆಯಲು ಹೋದರೆ ಅದಕ್ಕೂ ಮುಗಿಯದ ಸಾಲು ಬರುತ್ತದೆ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಆದ್ದರಿಂದಲೇ ಎಚ್ಚರಿಕೆಯಿಲ್ಲದೆ ಬರೆದ ತಂತ್ರಾಂಶದಲ್ಲಿ 0.1 ಮತ್ತು 0.2 ಕೂಡಿದರೆ 0.3ರ ಬದಲು 0.30000000000000004 ಬರುತ್ತದೆ. ಆದರೆ ಹಾಗ, ಬೇಳೆ, ವೀಸ, ಕಾಣಿ? ಕಾಲು, ಅರೆಕಾಲು, ಹದಿನಾರನೆಯ ಒಂದು, ಅರುವತ್ತನಾಲ್ಕನೆಯ ಒಂದು, ಇವೆಲ್ಲ ಎರಡನ್ನು ಮತ್ತೆ ಮತ್ತೆ ಸೀಳಿ ಬಂದವು. ಗಣಕಯಂತ್ರ ಇವನ್ನು ಒಂದು ಚೂರೂ ಬಿಡದೆ ನಿಖರವಾಗಿ ಬರೆದಿಡುತ್ತದೆ. ಪಾನುಂಗಲ್ಲಿನ ಸೇನಬೋವನ ಹಣ ಯಂತ್ರಕ್ಕೆ ಹೊಂದುತ್ತದೆ. ಯಂತ್ರಯುಗಕ್ಕೆಂದು ತಂದ ದಶಮಾನದ ಹಣ ಹೊಂದುವುದಿಲ್ಲ! ಇದಕ್ಕೆ ಪರಿಹಾರ ಹಳೆಯದೇ. ಹಣವನ್ನು ರೂಪಾಯಿಯ ಭಿನ್ನವಾಗಿ ಇಡದೆ ಪೈಸೆಯ ಪೂರ್ಣಾಂಕವಾಗಿ ಇಡುವುದು, ಇಲ್ಲವೇ ಹತ್ತರ ಅಂಕಿಗಳನ್ನೇ ಒಂದೊಂದಾಗಿ ಉಳಿಸುವ ವಿಧಾನವನ್ನು ಬಳಸುವುದು. ಬ್ಯಾಂಕುಗಳಲ್ಲಿ ದಶಕಗಳ ಕಾಲ ದುಡಿದ ಕೋಬಾಲ್ ಭಾಷೆ ಎರಡನೆಯ ದಾರಿ ಹಿಡಿದಿತ್ತು.

ಈಗ ಕರಾರು ನಿರ್ವಹಣೆಯ ತಂತ್ರಾಂಶಕ್ಕೆ ಬರೋಣ. ಬೀಜದ ಕಂಪನಿ, ಸಹಕಾರ ಸಂಘ, ಗುತ್ತಿಗೆದಾರ, ಸರ್ಕಾರಿ ಕಚೇರಿ, ಯಾರೇ ಬಳಸಲಿ, ಅದರಲ್ಲಿ ದರ, ಪ್ರಮಾಣ, ಮೊತ್ತ ಎಂಬ ಮೂರು ಮನೆಗಳಿರುತ್ತವೆ. ಸಾಮಾನ್ಯವಾಗಿ ಮೂರಕ್ಕೂ ಬಿಂದುವಿನಾಚೆ ಎರಡೇ ಸ್ಥಾನ ಎಂದು ಇಟ್ಟುಬಿಡುತ್ತಾರೆ. ರೂಪಾಯಿಗೆ ಪೈಸೆ ಎರಡೇ ಸ್ಥಾನ ಅಲ್ಲವೇ ಎಂಬ ತರ್ಕ. ತಪ್ಪು ಇಲ್ಲೇ ಹುಟ್ಟುತ್ತದೆ. ಹಿರೇಕೆರೂರಿನ ಕಡೆಯ ಒಬ್ಬ ಬೀಜದ ವ್ಯಾಪಾರಿ ಎರಡು ಲಕ್ಷ ಬೀಜದ ಪೊಟ್ಟಣ ಮುದ್ರಿಸಿಕೊಡಲು ಒಂದಕ್ಕೆ 36.4 ಪೈಸೆಯಂತೆ ಒಪ್ಪಂದ ಮಾಡಿಕೊಂಡ ಎಂದು ಊಹಿಸೋಣ. ಬರಬೇಕಾದದ್ದು 72,800 ರೂಪಾಯಿ. ದರದ ಮನೆಯಲ್ಲಿ ಎರಡೇ ಸ್ಥಾನವಿದ್ದರೆ 0.364 ಎಂಬುದು 0.36 ಆಗಿ ಕುಳಿತುಕೊಳ್ಳುತ್ತದೆ. ಬಿಲ್ಲು 72,000 ಆಗುತ್ತದೆ. ಮುದ್ರಣದವನ 800 ರೂಪಾಯಿ ಒಂದು ಚೌಕದಲ್ಲಿ ಕರಗಿತು. ಮೊತ್ತಕ್ಕೆ ಎರಡು ಸ್ಥಾನ ಸಾಕು. ದರಕ್ಕೆ ನಾಲ್ಕಾದರೂ ಬೇಕು, ಕೆಲವು ವ್ಯಾಪಾರಕ್ಕೆ ಆರೂ ಬೇಕು.

ಪರದೆಯ ಮೇಲೆ ಕಾಣುವುದು ಬೇರೆ, ಒಳಗೆ ಇರುವುದು ಬೇರೆ ಎಂಬುದು ಇನ್ನೊಂದು ತೊಡಕು. ಒಳಗೆ ನಾಲ್ಕು ಸ್ಥಾನ ಇಟ್ಟು ಹೊರಗೆ ಎರಡು ತೋರಿಸಿದರೆ, ಕಾಗದದ ಮೇಲಿನ ಅಂಕಿಗಳನ್ನು ಕೈಯಲ್ಲಿ ಕೂಡಿದವನಿಗೆ ಕೆಳಗಿನ ಒಟ್ಟು ಮೊತ್ತ ತಾಳೆಯಾಗುವುದಿಲ್ಲ. ಲಕ್ಷ ರೂಪಾಯಿಯ ಗುತ್ತಿಗೆಯನ್ನು ಮೂರು ಸಮಕಂತು ಮಾಡಿದರೆ 33,333 ರೂಪಾಯಿ 33 ಪೈಸೆಯಂತೆ ಮೂರು ಸಲ ಕೊಟ್ಟರೂ ಒಂದು ಪೈಸೆ ಬಾಕಿ. ತಂತ್ರಾಂಶ ಆ ಒಂದು ಪೈಸೆಗಾಗಿ ಕರಾರನ್ನು ಮುಗಿಯದ್ದೆಂದು ತೋರಿಸುತ್ತ ಕೂಡುತ್ತದೆ. ಕೊನೆಯ ಕಂತಿಗೆ ಉಳಿಕೆಯನ್ನೆಲ್ಲ ಹಾಕು ಎಂದು ಅದಕ್ಕೆ ಮೊದಲೇ ಹೇಳಬೇಕು. ಮೂವರು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಉಳಿದ ಒಂದು ತೆಂಗಿನಕಾಯಿಯನ್ನು ತಂಗಿಗೆ ಕೊಡುವಷ್ಟು ವಿವೇಕ ಯಂತ್ರಕ್ಕಿಲ್ಲ.

ಸರಿಯಾಗಿ ಅರ್ಧ ಬಂದರೆ ಏನು ಮಾಡಬೇಕು? ಇದರಲ್ಲಿ ದೇಶದೊಳಗೇ ಮೂರು ಮತಗಳಿವೆ. 1957ರ ನಾಣ್ಯ ಪರಿವರ್ತನೆ ಅರ್ಧವನ್ನು ಬಿಡು ಎಂದಿತು. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 170ನೆಯ ಕಲಮು ತೆರಿಗೆಯನ್ನು ರೂಪಾಯಿಗೆ ಸರಿಹೊಂದಿಸುವಾಗ 50 ಪೈಸೆ ಅಥವಾ ಮೇಲಿದ್ದರೆ ಏರಿಸು, ಕಡಿಮೆಯಿದ್ದರೆ ಬಿಡು ಎನ್ನುತ್ತದೆ. ಅಂಕಿಗಳನ್ನು ಸರಿಹೊಂದಿಸುವ ಬಗ್ಗೆ ಇರುವ ಭಾರತೀಯ ಮಾನಕ ಐಎಸ್ 2 ಹತ್ತಿರದ ಸಮಸಂಖ್ಯೆಗೆ ಹೋಗು ಎನ್ನುತ್ತದೆ. ಅದರ ಪ್ರಕಾರ ಎರಡೂವರೆ ಎರಡಾಗುತ್ತದೆ, ಮೂರೂವರೆ ನಾಲ್ಕಾಗುತ್ತದೆ. ಮೂರಕ್ಕೂ ಅದರದರ ತರ್ಕವಿದೆ. ಸದಾ ಏರಿಸಿದರೆ ಒಂದೇ ಕಡೆಯವರಿಗೆ ಲಾಭ. ಸಮಸಂಖ್ಯೆಯ ಸೂತ್ರದಲ್ಲಿ ಏರಿಕೆ ಇಳಿಕೆ ಸರಿದೂಗುತ್ತವೆ. ಇನ್ನು ತೆರಿಗೆಯ ಸಾಲನ್ನು ನೋಡಿದರೆ, 12 ರೂಪಾಯಿ 25 ಪೈಸೆಯ ಮೇಲೆ ಶೇ. 18 ಎಂದರೆ 2.205, ಏರಿಸಿದರೆ 2.21. ಅದನ್ನೇ ಕೇಂದ್ರಕ್ಕೆ ಶೇ. 9, ರಾಜ್ಯಕ್ಕೆ ಶೇ. 9 ಎಂದು ಒಡೆದರೆ 1.10 ಮತ್ತು 1.10, ಒಟ್ಟು 2.20. ಒಂದು ಪೈಸೆ ಹೆಚ್ಚುಕಡಿಮೆ. ಲೆಕ್ಕಪರಿಶೋಧಕರ ಎಷ್ಟು ಸಂಜೆಗಳು ಇಂಥ ಒಂದು ಪೈಸೆ ಹುಡುಕುವುದರಲ್ಲಿ ಹೋಗಿವೆಯೋ!

ಒಂದು ಪೈಸೆಯನ್ನು ಹಗುರಾಗಿ ಕಂಡವರಿಗೆ ಕೆನಡಾ ದೇಶದ ವ್ಯಾಂಕೂವರ್ ಷೇರುಪೇಟೆಯ ಕಥೆ ತಿಳಿದಿರಬೇಕು. 1982ರ ಜನವರಿಯಲ್ಲಿ ಅಲ್ಲಿ ಹೊಸ ಸೂಚ್ಯಂಕವೊಂದನ್ನು 1000 ಅಂಕದಿಂದ ಆರಂಭಿಸಿದರು. ಪ್ರತಿ ವ್ಯವಹಾರವಾದೊಡನೆ ಗಣಕ ಅದನ್ನು ಹೊಸದಾಗಿ ಲೆಕ್ಕ ಹಾಕಿ, ಬಿಂದುವಿನಾಚೆ ಮೂರು ಸ್ಥಾನ ಉಳಿಸಿಕೊಂಡು ಮಿಕ್ಕದ್ದನ್ನು ಕತ್ತರಿಸುತ್ತಿತ್ತು. ಸರಿಹೊಂದಿಸುವುದಲ್ಲ, ಬರೀ ಕತ್ತರಿಸುವುದು. ಕತ್ತರಿಸಿದ್ದು ಸಾವಿರದ ಒಂದು ಭಾಗಕ್ಕಿಂತ ಚಿಕ್ಕ ಚೂರು. ಆದರೆ ದಿನಕ್ಕೆ ಸಾವಿರಾರು ಸಲ. 1983ರ ನವೆಂಬರಿಗೆ ಸೂಚ್ಯಂಕ 520ರ ಆಸುಪಾಸಿಗೆ ಇಳಿದಿತ್ತು. ಷೇರುಗಳೇನೂ ಹಾಗೆ ಬಿದ್ದಿರಲಿಲ್ಲ. ತಪ್ಪು ತಿದ್ದಿ ಹೊಸದಾಗಿ ಲೆಕ್ಕ ಹಾಕಿದಾಗ ಅದು ಸುಮಾರು 1098 ಆಗಿತ್ತು.

ಬೇರೆ ದೇಶದ ನಾಣ್ಯ ಬಂದರೆ ಇನ್ನೊಂದು ಮುಖ. ಅಂತರರಾಷ್ಟ್ರೀಯ ಮಾನಕದಲ್ಲಿ ರೂಪಾಯಿಗೆ ಎರಡು ಸ್ಥಾನ, ಜಪಾನಿನ ಯೆನ್ನಿಗೆ ಸೊನ್ನೆ, ಕುವೈತಿನ ದಿನಾರಿಗೆ ಮೂರು. ಅಲ್ಲಿ ಒಂದು ದಿನಾರಿಗೆ ಸಾವಿರ ಫಿಲ್ಸ್. ಎಲ್ಲ ದೇಶಕ್ಕೂ ಎರಡೇ ಎಂದು ಇಟ್ಟ ತಂತ್ರಾಂಶ ಕುವೈತಿನ ಕೂಲಿಯ ಕರಾರಿನಲ್ಲಿ ಕೊನೆಯ ಫಿಲ್ಸನ್ನು ನುಂಗುತ್ತದೆ, ಜಪಾನಿನ ಬಿಲ್ಲಿನಲ್ಲಿ ಇಲ್ಲದ ನಾಣ್ಯವನ್ನು ಹುಟ್ಟಿಸುತ್ತದೆ.

ಸ್ಥಾನದ ಪ್ರಶ್ನೆ ಹಣದಲ್ಲಿ ಮಾತ್ರ ಇಲ್ಲ. ಕೆಲವು ಕರಾರುಗಳಲ್ಲಿ ಒಂದು ಗೆರೆ ಇರುತ್ತದೆ. ಆ ಗೆರೆಯ ಮೇಲಿದ್ದರೆ ಒಂದು ಫಲ, ಕೆಳಗಿದ್ದರೆ ಇನ್ನೊಂದು. ಮುಂಬಯಿ ಪ್ರಾಂತದ ಆಣೆವಾರಿ ಅಂಥದು. ಪೂರ್ತಿ ಬೆಳೆ ಎಂದರೆ ಹದಿನಾರಾಣೆ. ನಾಲ್ಕಾಣೆಗಿಂತ ಕಡಿಮೆಯಾದರೆ ಆ ವರ್ಷದ ಕಂದಾಯ ವಸೂಲಿ ನಿಲ್ಲಬೇಕು. ಗುಜರಾತಿನ ಖೇಡಾದಲ್ಲಿ 1918ರಲ್ಲಿ ಗಾಂಧೀಜಿ, ವಲ್ಲಭಭಾಯಿ ಪಟೇಲರು ನಡೆಸಿದ ಸತ್ಯಾಗ್ರಹದ ಮೂಲದಲ್ಲಿ ಇದ್ದದ್ದು ಇದೇ ತಕರಾರು. ಬೆಳೆ ನಾಲ್ಕಾಣೆಗಿಂತ ಕೆಳಗೆ ಎಂದು ರೈತರು, ಮೇಲೆ ಎಂದು ಅಧಿಕಾರಿಗಳು. ಅದೇ ಪ್ರಾಂತದ ಹಾನಗಲ್ಲ, ಹಿರೇಕೆರೂರಿನ ರೈತನ ಬೆಳೆಯನ್ನೂ ಆಣೆಯಲ್ಲೇ ಅಳೆಯುತ್ತಿದ್ದರು. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಹೊಸ ಆಣೆವಾರಿ ಇದೆ. ನಿಗದಿಯಾದ ಇಳುವರಿಗಿಂತ ಆ ಪ್ರದೇಶದ ನಿಜವಾದ ಇಳುವರಿ ಎಷ್ಟು ಕಡಿಮೆಯೋ ಅಷ್ಟು ಪಾಲು ವಿಮೆಯ ಮೊತ್ತ ಬರಬೇಕು. ಹೆಕ್ಟೇರಿಗೆ 2,000 ಕಿಲೋ ನಿಗದಿಯಿದ್ದು 1,991 ಬಂದರೆ ಕೊರತೆ ಶೇ. 0.45. ವಿಮೆ 60,000 ರೂಪಾಯಿಯಾದರೆ ಸಲ್ಲಬೇಕಾದದ್ದು 270 ರೂಪಾಯಿ. ಶೇಕಡಾ ಲೆಕ್ಕವನ್ನು ಬಿಂದುವಿಲ್ಲದೆ ಇಟ್ಟರೆ ಆ 0.45 ಸೊನ್ನೆಯಾಗುತ್ತದೆ, 270 ರೂಪಾಯಿಯೂ ಸೊನ್ನೆಯಾಗುತ್ತದೆ.

ಹಾಗಾದರೆ ಕರಾರುಪತ್ರದಲ್ಲಿ ಏನು ಬರೆಯಬೇಕು? ಹೆಚ್ಚೇನಿಲ್ಲ, ಮೂರು ಸಾಲು. ದರವನ್ನು ಬಿಂದುವಿನಾಚೆ ಇಷ್ಟು ಸ್ಥಾನದವರೆಗೆ ಹಿಡಿಯತಕ್ಕದ್ದು. ಸರಿಹೊಂದಿಸುವುದನ್ನು ಸಾಲುಸಾಲಿಗೆ ಮಾಡದೆ ಬಿಲ್ಲಿನ ಒಟ್ಟು ಮೊತ್ತಕ್ಕೆ ಒಮ್ಮೆ ಮಾತ್ರ ಮಾಡತಕ್ಕದ್ದು. ಸರಿಯಾಗಿ ಅರ್ಧ ಬಂದಲ್ಲಿ ಇಂಥ ಪಕ್ಷದವರಿಗೆ ಬಿಡತಕ್ಕದ್ದು. ನಾಲ್ಕನೆಯದನ್ನೂ ಸೇರಿಸಿದರೆ ಒಳ್ಳೆಯದು: ಕರಾರಿನ ಅವಧಿಯಲ್ಲಿ ತಂತ್ರಾಂಶದ ಈ ಅಳವಡಿಕೆಯನ್ನು ಎರಡೂ ಕಡೆಯವರ ಒಪ್ಪಿಗೆಯಿಲ್ಲದೆ ಬದಲಿಸಕೂಡದು. 1957ರಲ್ಲಿ ಬದಲಾವಣೆ ಮಾಡಿದ್ದು ಸಂಸತ್ತು, ಕಾಯ್ದೆ ಮಾಡಿ, ಸಾಕಷ್ಟು ಮುಂಚೆ ತಿಳಿಸಿ. ಇಂದು ಅದೇ ಕೆಲಸವನ್ನು ಒಬ್ಬ ಹುಡುಗ ಮಧ್ಯಾಹ್ನದ ಊಟದ ಮುಂಚೆ ಮಾಡಿ ಮುಗಿಸಬಹುದು.

ಕೊನೆಗೆ ಹೊಲದ ಮಾತು, ಏಕೆಂದರೆ ಈ ನಾಲ್ಕೂ ತಾಲೂಕಿನಲ್ಲಿ ದೊಡ್ಡ ಕರಾರುಗಳು ಹೊಲದವೇ. ಹಣದಿಂದ ಹೋದ ಆಣೆ ಉತಾರದಲ್ಲಿ ಇಂದಿಗೂ ಇದೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಪಹಣಿಯನ್ನು 'ಭೂಮಿ' ಯೋಜನೆಯಲ್ಲಿ ಗಣಕಕ್ಕೆ ಏರಿಸಿದಾಗಲೂ ಎಕರೆ, ಗುಂಟೆ, ಆಣೆ ಹಾಗೆಯೇ ಉಳಿದವು. ಅಲ್ಲಿ 2.20 ಎಂದು ಕಂಡರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ, ಎಂದರೆ ಎರಡೂವರೆ ಎಕರೆ. ಆ ಬಿಂದು ದಶಮಾಂಶ ಬಿಂದುವಲ್ಲ, ಎಕರೆಯನ್ನು ಗುಂಟೆಯಿಂದ ಬೇರೆ ಮಾಡುವ ಗುರುತು. ಇದನ್ನರಿಯದವನು ಅದೇ ಅಂಕಿಯನ್ನು ಕರಾರಿನ ತಂತ್ರಾಂಶಕ್ಕೆ ಬಡಿದು, ಎಕರೆಗೆ 10 ಲಕ್ಷದಂತೆ ಗುಣಿಸಿದರೆ 22 ಲಕ್ಷ ಬರುತ್ತದೆ. ಬರಬೇಕಾದದ್ದು 25 ಲಕ್ಷ. ಅಂಕಿ ನೋಡಿ ಅನುಮಾನ ಪಡಲು ಏನೂ ಇಲ್ಲ, ಸಹಿ ಆಗಿಯೇ ಹೋಗುತ್ತದೆ.

ಸರಿಯಾಗಿ ಪರಿವರ್ತಿಸಿದವನಿಗೂ ಸ್ಥಾನದ ಕಾಟ ತಪ್ಪಿದ್ದಲ್ಲ. ಮೂರು ಎಕರೆ ಎಂಟು ಗುಂಟೆ ಎಂಟಾಣೆ ಎಂದರೆ 3.2125 ಎಕರೆ. ಎರಡೇ ಸ್ಥಾನವಿರುವ ಮನೆಯಲ್ಲಿ ಅದು 3.21 ಆಗುತ್ತದೆ. ಬಿಟ್ಟುಹೋದದ್ದು ಗುಂಟೆಯ ಹತ್ತನೆಯ ಒಂದು ಭಾಗ, ಸುಮಾರು 109 ಚದರ ಅಡಿ, ಹನ್ನೊಂದು ಅಡಿಗೆ ಹತ್ತಡಿಯ ಒಂದು ಕೋಣೆಯಷ್ಟು ನೆಲ. ಬರೀ ಒಂದು ಆಣೆ ನೆಲವಾದರೆ ಎಕರೆಯ 640ನೆಯ ಒಂದು ಭಾಗ, 68 ಚದರ ಅಡಿ. ದಶಮಾಂಶದಲ್ಲಿ ಅದನ್ನು ಪೂರ್ತಿ ಬರೆಯಲು ಬಿಂದುವಿನಾಚೆ ಏಳು ಸ್ಥಾನ ಬೇಕು, 0.0015625. ಎರಡು ಸ್ಥಾನದ ಮನೆಯಲ್ಲಿ ಅದು 0.00 ಎಂದು ಅಚ್ಚಾಗುತ್ತದೆ. ಉತಾರದಲ್ಲಿ ಮಾತ್ರ ಆಣೆಯ ಅಂಕಣದಲ್ಲಿ ಸುಮ್ಮನೆ 1 ಎಂದು ಬರೆದಿರುತ್ತದೆ.